ಟೇಪ್‌ರೆಕಾರ್ಡರಿನ ಗುಂಡಿಯಿಂದ ಆ್ಯಪಿನ ಹುಡುಕು ಪೆಟ್ಟಿಗೆಯವರೆಗೆ

ಹಾಡು ಕೇಳುವ ಯಂತ್ರ ಬದಲಾದಾಗಲೆಲ್ಲ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಯಾವ ಹಾಡು ಉಳಿಯುತ್ತದೆ? ಅದನ್ನು ಹಾಕಿ ಕೇಳಲು ಮನೆಯಲ್ಲಿ ಯಾರಿಗೆ ಬರುತ್ತದೆ? ಮಂಜೇಶ್ವರ, ಉಪ್ಪಳದ ಕಡೆ ಬೆಳೆದ ನನಗೆ ಇದು ಬರೀ ತಂತ್ರಜ್ಞಾನದ ಚರಿತ್ರೆಯಲ್ಲ, ನಮ್ಮ ಉಮ್ಮಂದಿರ ಹಾಡಿನ ಚರಿತ್ರೆಯೂ ಹೌದು.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗೆ ಹಾಡಿದರು. ಆ ಕಾಲದ ತಟ್ಟೆಯಲ್ಲಿ ಮೂರು ನಿಮಿಷದ ಆಸುಪಾಸಿನ ಹಾಡು ಮಾತ್ರ ಹಿಡಿಯುತ್ತಿತ್ತು. ಯಾರು ಹಾಡಬೇಕೆಂದು ಕಂಪೆನಿಯೇ ತೀರ್ಮಾನಿಸುತ್ತಿತ್ತು. ಮದುವೆ ಮನೆಯಲ್ಲಿ ಹೆಂಗಸರು ಸುತ್ತ ಕೂತು, ಕೈ ತಟ್ಟಿ, ಒಬ್ಬರಿಂದ ಒಬ್ಬರು ಎತ್ತಿಕೊಂಡು ಹಾಡುವ ಮೈಲಾಂಜಿ ಪಾಟ್, ಒಪ್ಪನೆ ಪಾಟ್‌ಗಳು ಅಂಥ ತಟ್ಟೆಯ ಅಳತೆಗೆ ಹೊಂದುವಂಥವಲ್ಲ.

1963ರಲ್ಲಿ ಫಿಲಿಪ್ಸ್ ಕಂಪೆನಿ ಕ್ಯಾಸೆಟ್ ತಂದಿತು. ಒಂದು ಕ್ಯಾಸೆಟ್ಟಿನಲ್ಲಿ ಅರವತ್ತು, ತೊಂಬತ್ತು ನಿಮಿಷ. ಅದಕ್ಕಿಂತ ದೊಡ್ಡ ಸಂಗತಿ, ಕೇಳುವವನೇ ಧ್ವನಿ ತುಂಬಬಹುದಿತ್ತು. ಗಲ್ಫಿಗೆ ಹೋದವರು ರಜೆಯಲ್ಲಿ ಬರುವಾಗ ಟೇಪ್‌ರೆಕಾರ್ಡರ್ ತಂದರು. ಅಕ್ಷರ ಬಾರದ ಉಮ್ಮ ಮಗನಿಗೆ ಕ್ಯಾಸೆಟ್ಟಿನಲ್ಲೇ ಮಾತಾಡಿ ಕಳಿಸುವುದು ಸಾಧ್ಯವಾಯಿತು. ಅದೇ 1970ರ ದಶಕದಲ್ಲಿ ಎಸ್.ಎ. ಜಮೀಲ್ ಅವರ ದುಬೈ ಕತ್ತುಪಾಟ್ ಮಲಬಾರಿನಲ್ಲಿ ಮನೆಮಾತಾಯಿತು. ಗಂಡನಿಗೆ ಹೆಂಡತಿ ಬರೆದ ಕಾಗದದ ರೂಪದ ಹಾಡದು.

ಟೇಪ್‌ರೆಕಾರ್ಡರನ್ನು ಕಲಿಸಲು ಯಾರೂ ಬೇಕಿರಲಿಲ್ಲ. ನಾಲ್ಕೈದು ಗುಂಡಿ. ಒತ್ತಿದ್ದು ಒತ್ತಿದಂತೆ ನಿಲ್ಲುತ್ತಿತ್ತು, ಏನು ನಡೆಯುತ್ತಿದೆಯೆಂದು ಬೆರಳಿಗೇ ಗೊತ್ತಾಗುತ್ತಿತ್ತು. ಯಾವ ಕ್ಯಾಸೆಟ್ ಎಂಬುದನ್ನು ಹೊದಿಕೆಯ ಬಣ್ಣ ನೋಡಿ ಗುರುತಿಸಬಹುದಿತ್ತು. ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡಿದ ಯಾಕೊಬ್ ನೀಲ್ಸನ್ 1994ರಲ್ಲಿ ಹತ್ತು ಸೂತ್ರಗಳನ್ನು ಕೊಟ್ಟರು. ಬಳಸುವವರ ಮಾತಿನಲ್ಲೇ ಯಂತ್ರ ಮಾತಾಡಬೇಕು ಎಂಬುದು ಅದರಲ್ಲೊಂದು. ನೆನಪಿನಿಂದ ಹೆಕ್ಕುವುದಕ್ಕಿಂತ ಕಂಡು ಗುರುತಿಸುವುದು ಸುಲಭವಾಗಬೇಕು ಎಂಬುದು ಇನ್ನೊಂದು. ಹಳೆಯ ಟೇಪ್‌ರೆಕಾರ್ಡರ್ ಈ ಎರಡರಲ್ಲೂ ಪಾಸಾಗಿತ್ತು.

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ತಮ್ಮ ಧ್ವನಿ ಕಡತಕ್ಕೆ ಎಂಪಿ3 ಎಂಬ ಹೆಸರು ಕೊಟ್ಟದ್ದು 1995ರಲ್ಲಿ. ಕಿವಿಗೆ ಅಷ್ಟಾಗಿ ತಿಳಿಯದ ಅಂಶಗಳನ್ನು ಬಿಟ್ಟು, ಹಾಡನ್ನು ಹೆಚ್ಚುಕಡಿಮೆ ಹತ್ತನೇ ಒಂದು ಪಾಲಿಗೆ ಇಳಿಸುವ ವಿದ್ಯೆ ಅದು. ನೂರಾರು ಹಾಡು ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿ ಕೂತವು. ಮೊಬೈಲ್ ಅಂಗಡಿಯವನಿಗೆ ದುಡ್ಡು ಕೊಟ್ಟು ಕಾರ್ಡ್ ತುಂಬಿಸಿಕೊಂಡ ನೆನಪು ನಮ್ಮ ಪ್ರಾಯದವರಿಗೆಲ್ಲ ಇದ್ದೀತು. ಆದರೆ ಅಲ್ಲಿಯೇ ಹಾಡಿನ ಹೆಸರು ಕಳಚಿಹೋಯಿತು. ಹಾಡಿದವರು ಯಾರು, ಬರೆದವರು ಯಾರು ಎಂಬ ಜಾಗದಲ್ಲಿ "ಟ್ರ್ಯಾಕ್ 07" ಬಂದು ಕೂತಿತು.

ಆಮೇಲೆ ಬಂದದ್ದು ಸ್ಟ್ರೀಮಿಂಗ್. ಸ್ವೀಡನ್ನಿನ ಸ್ಪಾಟಿಫೈ 2008ರಲ್ಲಿ ಸೇವೆ ಆರಂಭಿಸಿ, ಭಾರತಕ್ಕೆ 2019ರ ಫೆಬ್ರವರಿಯಲ್ಲಿ ಬಂತು. ಅದಕ್ಕೂ ಮೊದಲೇ ಸಾವನ್, ಗಾನಾ ಇಲ್ಲಿದ್ದವು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಆ್ಯಪ್‌ಗಳು ಪ್ರತಿ ಮನೆಯ ಬಾಗಿಲು ಹೊಕ್ಕವು.

ನನ್ನ ಫೋನಿನ ಒಂದು ಆ್ಯಪ್ ತೆರೆದ ಕೂಡಲೇ ಭಾಷೆ ಕೇಳಿತು. ಕನ್ನಡ ಇತ್ತು, ಮಲಯಾಳಂ ಇತ್ತು, ಬ್ಯಾರಿ ಇರಲಿಲ್ಲ. ಹುಡುಕು ಪೆಟ್ಟಿಗೆಯ ಕಷ್ಟ ಇದಕ್ಕಿಂತ ದೊಡ್ಡದು. ತಲಪಾಡಿಯ ಆಚೆ ನಮ್ಮ ಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಈಚೆ ಕಾಸರಗೋಡಿನಲ್ಲಿ ಕೆಲವು ಮಕ್ಕಳು ಕನ್ನಡ ಮಾಧ್ಯಮ, ಕೆಲವರು ಮಲಯಾಳಂ ಮಾಧ್ಯಮ. ಇಂಗ್ಲಿಷ್ ಅಕ್ಷರದಲ್ಲಾದರೆ ಸಮುದಾಯದ ಹೆಸರಿಗೇ ಎರಡು ಮೂರು ಸ್ಪೆಲ್ಲಿಂಗ್. ಮನುಷ್ಯರಿಗೆ ಇವೆಲ್ಲ ಒಂದೇ ಹಾಡು. ಅಕ್ಷರ ಹೊಂದಿಸಿ ನೋಡುವ ಯಂತ್ರಕ್ಕೆ ಬೇರೆ ಬೇರೆ. ಓದಲು ಬಾರದ ಉಮ್ಮನಿಗಂತೂ ಆ ಪೆಟ್ಟಿಗೆ ಮುಚ್ಚಿದ ಬಾಗಿಲು. ಹೊದಿಕೆ ನೋಡಿ ಕ್ಯಾಸೆಟ್ ಹೆಕ್ಕುತ್ತಿದ್ದವಳು ಈಗ ಮೊಮ್ಮಗ ಶಾಲೆಯಿಂದ ಬರುವವರೆಗೆ ಕಾಯಬೇಕು.

ಇನ್ನೊಂದು ವಿಷಯ, ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿದ್ದು ನಮ್ಮ ಸೊತ್ತಲ್ಲ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ ಮುಚ್ಚುವ ನಿರ್ಧಾರ 2024ರಲ್ಲಿ ಹೊರಬಿತ್ತು. ಸಿನಿಮಾ ಹಾಡಿಗೆ ಇದರಿಂದ ನಷ್ಟವಿಲ್ಲ, ಅದು ಇನ್ನೊಂದು ಕಡೆ ಸಿಗುತ್ತದೆ. ಒಂದೇ ಕಡೆ ಇರುವ ಊಂಜಲ್ ಪಾಟ್‌ಗೆ ಇನ್ನೊಂದು ಕಡೆ ಎಂಬುದಿಲ್ಲ.

ಹಾಗೆಂದು ಆ್ಯಪನ್ನು ಬೈದು ಕೂರುವುದರಲ್ಲಿ ಅರ್ಥವಿಲ್ಲ. ಮಂಗಳೂರಲ್ಲಿ ಹಾಡಿದ್ದನ್ನು ದಮಾಮಿನಲ್ಲಿ ಅದೇ ದಿನ ಕೇಳುವುದು ಅದರಿಂದಲೇ ಸಾಧ್ಯ. ಮಾಡಬೇಕಾದ ಕೆಲಸ ನಮ್ಮ ಕೈಯಲ್ಲೂ ಇದೆ. ಹಾಡು ಏರಿಸುವವರು ಹಾಡಿದವರ, ಬರೆದವರ ಹೆಸರು, ಊರು, ವರ್ಷ ತುಂಬಿಸಬೇಕು. ಹೆಸರನ್ನು ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ಬರೆಯಬೇಕು. ಮೂಲ ಕಡತ ಮನೆಯಲ್ಲಿ ಎರಡು ಕಡೆ ಇರಬೇಕು. ಹೆಂಗಸರು ಒಳಮನೆಯಲ್ಲಿ ಹಾಡಿದ್ದನ್ನು ಅವರ ಒಪ್ಪಿಗೆ ಕೇಳದೆ ಹೊರಗೆ ಹಾಕಬಾರದು. ಬೇಡವೆಂದರೆ ಅದು ಮನೆಯವರ ಕಿವಿಗಷ್ಟೇ ಉಳಿಯಲಿ.

ಮೊದಲ ಕೆಲಸ ಅಟ್ಟದ ಮೇಲಿನದು. ಕ್ಯಾಸೆಟ್ಟಿನ ಟೇಪಿಗೆ ನಮ್ಮ ಕರಾವಳಿಯ ಮಳೆಗಾಲ ಒಳ್ಳೆಯದಲ್ಲ, ಬೂಸ್ಟು ಹಿಡಿಯುತ್ತದೆ. ಬರುವ ಮಳೆಗೆ ಮೊದಲು ಕೆಳಗಿಳಿಸಿ, ಧ್ವನಿಯನ್ನು ಕಂಪ್ಯೂಟರಿಗೆ ಹಾಕಿಸಿ. ಅದು ಯಾರ ಧ್ವನಿ ಎಂದು ಹೇಳಬಲ್ಲವರು ಮನೆಯಲ್ಲಿರುವಾಗಲೇ ಹೆಸರು ಬರೆದಿಡಿ.