ಒರೆಗೆ ಹಚ್ಚಿದ ಕಲ್ಲು

‘ಒರೆಗೆ ಹಚ್ಚುವುದು’ ಎಂಬ ಮಾತು ಸಾಹಿತ್ಯವಿಮರ್ಶೆಗೆ ಬಂದದ್ದು ಅಕ್ಕಸಾಲೆಯಿಂದ. ಕರಿಗಲ್ಲಿನ ಮೇಲೆ ಚಿನ್ನವನ್ನುಜ್ಜಿ, ಉಳಿದ ಗೆರೆಯ ಬಣ್ಣದಿಂದ ಅದರ ಮಟ್ಟವನ್ನು ಅರಿಯುವ ಕ್ರಮ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಉಂಟು.

ಇಂತಹ ಕೈಯರಿವನ್ನು ಖನಿಜಗಳೆಲ್ಲಕ್ಕೂ ಅನ್ವಯಿಸಿ ಶಾಸ್ತ್ರವಾಗಿಸಿದವರಲ್ಲಿ ಜರ್ಮನಿಯ ಆಬ್ರಹಾಂ ವೆರ್ನರ್ ಪ್ರಮುಖನು. ಬಣ್ಣ, ಹೊಳಪು, ಒರೆ, ಗಡಸುತನ ಮೊದಲಾದ ಹೊರಲಕ್ಷಣಗಳಿಂದ ಖನಿಜಗಳನ್ನು ಗುರುತಿಸುವ ಗ್ರಂಥವನ್ನು 1774ರಲ್ಲಿ ಪ್ರಕಟಿಸಿದ ಆತ, ಮರುವರ್ಷ ಫ್ರೈಬರ್ಗಿನ ಗಣಿವಿದ್ಯಾಲಯದಲ್ಲಿ ಅಧ್ಯಾಪಕನಾದನು. ಅವನ ಶಿಷ್ಯ ಫ್ರೀಡ್ರಿಶ್ ಮೋಹ್ಸ್ 1812ರಲ್ಲಿ ಗಡಸುತನಕ್ಕೆ ಹತ್ತು ಮೆಟ್ಟಿಲುಗಳನ್ನು ಕಟ್ಟಿದನು. ಮೊದಲನೆಯದು ನಮ್ಮ ಬಳಪದ ಕಲ್ಲಿನಲ್ಲಿರುವ, ಉಗುರಿಗೂ ಸೋಲುವ ಟಾಲ್ಕ್, ಕೊನೆಯದು ವಜ್ರ. ಮೇಲಿನದು ಕೆಳಗಿನದನ್ನು ಗೀರುತ್ತದೆ, ನಿಯಮ ಇಷ್ಟೇ. ರಸಾಯನ ಪರೀಕ್ಷೆಯನ್ನು ಅವನು ದೂರವಿಟ್ಟದ್ದನ್ನು ರಸಾಯನಜ್ಞರು ಆಕ್ಷೇಪಿಸಿದರು, ಅದು ನ್ಯಾಯವೇ. ಆದರೂ ಆ ಮೆಟ್ಟಿಲುಗಳು ಇಂದಿಗೂ ಬಳಕೆಯಲ್ಲಿವೆ.

ಬರಿಯ ಬಣ್ಣವನ್ನು ನಂಬಿದವನು ಎಡವುತ್ತಾನೆ. ಕುದುರೆಮುಖದ ಮ್ಯಾಗ್ನಟೈಟ್, ಸಂಡೂರಿನ ಹೆಮಟೈಟ್ ಎರಡೂ ಕಬ್ಬಿಣದ ಅದಿರುಗಳೇ. ನೋಟಕ್ಕೆ ಎರಡೂ ಕಪ್ಪಾಗಿರಬಹುದು. ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ಮೊದಲನೆಯದು ಕಪ್ಪು ಗೆರೆಯನ್ನು ಬಿಡುತ್ತದೆ, ಎರಡನೆಯದು ಕೆಂಪು ಗೆರೆಯನ್ನು. ಗ್ರೀಕರು ಹೆಮಟೈಟಿಗೆ ನೆತ್ತರಿನ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಪ್ರಯೋಗಶಾಲೆಯಿಲ್ಲದ ಗಣಿಗಾರನಿಗೂ ಉಗುರು, ಚಾಕು, ಪಿಂಗಾಣಿಯ ಚೂರುಗಳಿಂದ ಮೊದಲ ತೀರ್ಮಾನ ಸಾಧ್ಯವೆಂಬುದೇ ಈ ವಿದ್ಯೆಯ ಹಿರಿಮೆ. ಕಲ್ಲಿನ ಮೈಬಣ್ಣ ಮರೆಮಾಚಿದ್ದನ್ನು ಅದರ ಪುಡಿ ನುಡಿಯುತ್ತದೆ.