ಕಲ್ಲು ಮೊದಲೋ, ಉರಿಯೂತ ಮೊದಲೋ?

1882ರ ಜುಲೈ 15ರಂದು ಬರ್ಲಿನ್ನಿನ ಲಾಜರಸ್ ಆಸ್ಪತ್ರೆಯಲ್ಲಿ ಕಾರ್ಲ್ ಲಾಂಗೆನ್‌ಬುಖ್ ಎಂಬ ಶಸ್ತ್ರವೈದ್ಯ, ಹದಿನಾರು ವರ್ಷಗಳಿಂದ ಹೊಟ್ಟೆನೋವಿನಿಂದ ನರಳುತ್ತಿದ್ದ 43ರ ವಯಸ್ಸಿನ ರೋಗಿಯೊಬ್ಬನ ಪಿತ್ತಕೋಶವನ್ನೇ ತೆಗೆದುಹಾಕಿದ. ಅದಕ್ಕೆ ಮೊದಲು ಪಿತ್ತಕೋಶವನ್ನು ಸೀಳಿ ಕಲ್ಲುಗಳನ್ನಷ್ಟೇ ತೆಗೆಯುತ್ತಿದ್ದರು. ಲಾಂಗೆನ್‌ಬುಖ್‌ನ ವಾದವೇ ಬೇರೆ. ಪಿತ್ತಕೋಶವನ್ನು ತೆಗೆಯಬೇಕಾದುದು ಅದರಲ್ಲಿ ಕಲ್ಲುಗಳಿವೆ ಎಂಬುದಕ್ಕಲ್ಲ, ಅದು ಕಲ್ಲುಗಳನ್ನು ಹುಟ್ಟಿಸುತ್ತದೆ ಎಂಬುದಕ್ಕೆ! ಕುದುರೆಗೂ ಆನೆಗೂ ಪಿತ್ತಕೋಶವಿಲ್ಲ; ಅವು ಬದುಕುವುದಿಲ್ಲವೆ? ರೋಗಿ ಚೇತರಿಸಿಕೊಂಡ.

ಹಾಗಾದರೆ ಪಿತ್ತಕೋಶ ಕಲ್ಲನ್ನು ಹುಟ್ಟಿಸುವುದು ಹೇಗೆ? 1892ರಲ್ಲಿ ಈ ಕಾಯಿಲೆಯ ಬಗ್ಗೆ ಗ್ರಂಥವನ್ನೇ ಬರೆದ ಬರ್ನ್‌ಹಾರ್ಡ್ ನೌನಿನ್‌ನ ಪ್ರಕಾರ ಉರಿಯೂತವೇ ಮೊದಲು. ಪಿತ್ತರಸದ ಹರಿವು ನಿಧಾನವಾದಾಗ ಕರುಳಿನಿಂದ ಬ್ಯಾಕ್ಟೀರಿಯಗಳು ಏರಿಬರುತ್ತವೆ. ಪಿತ್ತಕೋಶದ ಒಳಪೊರೆ ಊದಿಕೊಳ್ಳುತ್ತದೆ. ಕಳಚಿಬಿದ್ದ ಅದರ ಜೀವಕೋಶಗಳಿಂದ ಕಲ್ಲಿಗೆ ಬೇಕಾದ ಕೊಲೆಸ್ಟರಾಲ್ ಮತ್ತು ಸುಣ್ಣ ಒದಗುತ್ತವೆ. (ರಕ್ತಪರೀಕ್ಷೆಯ ವರದಿಗಳಿಂದ ಈಗ ಮನೆಮಾತಾಗಿರುವ ಕೊಲೆಸ್ಟರಾಲ್ ಮೊದಲು ಸಿಕ್ಕಿದ್ದೇ ಪಿತ್ತಕಲ್ಲಿನಲ್ಲಿ, 18ನೆಯ ಶತಮಾನದಲ್ಲಿ.)

ಫ್ರೈಬುರ್ಗ್‌ನ ರೋಗಶಾಸ್ತ್ರಜ್ಞ ಲುಡ್ವಿಗ್ ಆಶಾಫ್ ಇದನ್ನು ಒಪ್ಪಲಿಲ್ಲ. ಕಲ್ಲುಗಳನ್ನಷ್ಟೇ ಅಲ್ಲ, ಅವುಗಳಿದ್ದ ಪಿತ್ತಕೋಶದ ಭಿತ್ತಿಯನ್ನೂ ಆತ ಸೂಕ್ಷ್ಮದರ್ಶಕದಲ್ಲಿ ನೋಡಿದ. ಬಾಕ್‌ಮೈಸ್ಟರ್ ಜೊತೆ 1909ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಆತ ಕಲ್ಲುಗಳನ್ನು ಬಗೆಬಗೆಯಾಗಿ ವಿಂಗಡಿಸಿದ. ಶುದ್ಧ ಕೊಲೆಸ್ಟರಾಲ್‌ನ ಕಲ್ಲು ಸಾಮಾನ್ಯವಾಗಿ ಒಂದೇ ಇರುತ್ತದೆ. ಒಡೆದರೆ ನಡುವಿನಿಂದ ಕಿರಣಗಳಂತೆ ಹರಡಿದ ಹರಳುಗಳು ಕಾಣುತ್ತವೆ. ಉರಿಯೂತದ ಗುರುತಿಲ್ಲದ ಪಿತ್ತಕೋಶದಲ್ಲೂ ಅದು ಹುಟ್ಟಬಲ್ಲದು. ಅದು ಕತ್ತಿನ ಭಾಗದಲ್ಲಿ ಸಿಕ್ಕಿಕೊಂಡು ಪಿತ್ತರಸಕ್ಕೆ ತಡೆಯೊಡ್ಡಿದ ಮೇಲೆಯೇ ಭಿತ್ತಿಗೆ ಅಪಾಯ. ಮುಖಗಳುಳ್ಳ ಮಿಶ್ರ ಕಲ್ಲುಗಳು ಆಮೇಲಿನವು. ಅಂದರೆ ಇಲ್ಲಿ ಕಲ್ಲೇ ಮೊದಲು.

ಇಬ್ಬರೂ ಒಂದೇ ಕಲ್ಲಿನ ಬಗ್ಗೆ ಜಗಳವಾಡುತ್ತಿರಲಿಲ್ಲ ಎಂಬುದು ಸ್ಪಷ್ಟವಾಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 1966ರಲ್ಲಿ ಜಪಾನಿನ ಮಾಕಿ, ಬ್ಯಾಕ್ಟೀರಿಯದ ಕಿಣ್ವವೊಂದು ಬಿಲಿರುಬಿನ್ನನ್ನು ಬಿಡುಗಡೆ ಮಾಡಿ, ಅದು ಕ್ಯಾಲ್ಸಿಯಂ ಜೊತೆಗೂಡಿ ಕಂದು ಕಲ್ಲಾಗುವ ಬಗೆಯನ್ನು ವಿವರಿಸಿದ. ಇಲ್ಲಿ ನೌನಿನ್‌ಗೆ ಗೆಲುವು. ಎರಡು ವರ್ಷಗಳ ನಂತರ ಅಡ್ಮಿರಾಂಡ್ ಮತ್ತು ಸ್ಮಾಲ್, ಪಿತ್ತಲವಣ ಹಾಗೂ ಲೆಸಿಥಿನ್‌ಗಳು ಕರಗಿಸಿಡಬಲ್ಲ ಮಿತಿಯನ್ನು ಮೀರಿದ ಕೊಲೆಸ್ಟರಾಲ್ ಹರಳುಗಟ್ಟುತ್ತದೆಂದು ತೋರಿಸಿದರು. ಅಲ್ಲಿ ಆಶಾಫ್‌ಗೆ. ರಕ್ತಕಣಗಳು ಅತಿಯಾಗಿ ಒಡೆಯುವ ಕಾಯಿಲೆಗಳಲ್ಲಿ ಹುಟ್ಟುವ ಕಪ್ಪು ಕಲ್ಲುಗಳಿಗೆ ಸಾಮಾನ್ಯವಾಗಿ ಬ್ಯಾಕ್ಟೀರಿಯಗಳು ಬೇಕಿಲ್ಲ.

ಲಾಂಗೆನ್‌ಬುಖ್‌ನ ಶಸ್ತ್ರಕ್ರಿಯೆ ಉಳಿಯಿತು. ಅವನ ಕಾರಣ ಮಾತ್ರ ಅರ್ಧ ಸರಿ. ಹೆಚ್ಚುವರಿ ಕೊಲೆಸ್ಟರಾಲ್ ಬರುವುದು ಯಕೃತ್ತಿನಿಂದ. ಆದರೆ ಅದು ಪಿತ್ತಕೋಶದ ಸ್ನಾಯುವಿಗೂ ಇಳಿದು, ಸಂಕುಚನ ಶಕ್ತಿಯನ್ನು ಕುಂದಿಸುತ್ತದೆ. ಕಲ್ಲು ಕಣ್ಣಿಗೆ ಕಾಣುವ ಮೊದಲೇ ಭಿತ್ತಿ ಬದಲಾಗಿರುತ್ತದೆ! ಕಲ್ಲು ಬಹುಕಾಲ ಉಳಿದರೆ ಭಿತ್ತಿ ದಪ್ಪವಾಗಿ ನಾರುಗಟ್ಟುತ್ತದೆ, ಒಳಪೊರೆ ಸ್ನಾಯುವಿನೊಳಕ್ಕೆ ಚೀಲಗಳಂತೆ ನುಗ್ಗುತ್ತದೆ. ರೊಕಿಟಾನ್‌ಸ್ಕಿ 1842ರಲ್ಲಿ ಗಮನಿಸಿ, ಆಶಾಫ್ 1905ರಲ್ಲಿ ವಿವರಿಸಿದ ಈ ಚೀಲಗಳು ಇಂದಿಗೂ ಪ್ರಯೋಗಾಲಯದ ವರದಿಗಳಲ್ಲಿ ಇಬ್ಬರ ಹೆಸರನ್ನೂ ಹೊತ್ತು ಬರುತ್ತವೆ.