ಕಾಲು ಗಂಟೆಯ ಆಟಗಳು

"ಮಕ್ಕಳು ಮಲಗಿದ ಮೇಲೆ ನನಗೆ ಉಳಿಯುವುದು ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆ. ಅಷ್ಟರಲ್ಲಿ ಆಡಬಹುದಾದ ಒಳ್ಳೆಯ ವಿಡಿಯೋ ಗೇಮ್ ಯಾವುದು ಸಾರ್?" ಎಂದು ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ್ದಾನೆ. ನಿಮ್ಮಲ್ಲಿ ಹಲವರ ಸ್ಥಿತಿ ಇದೇ ಇರಬಹುದೆಂದು ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ. ಆದರೆ ಚರಿತ್ರೆಯ ಮೇಷ್ಟರನ್ನು ಕೇಳಿದರೆ ಉತ್ತರವೂ ಚರಿತ್ರೆಯಿಂದಲೇ ಆರಂಭವಾಗುತ್ತದೆ. ತಾಳ್ಮೆ ಇರಲಿ.

ವಿಡಿಯೋ ಗೇಮ್ ಎಂಬುದು ಹುಟ್ಟಿದ್ದೇ ಅಲ್ಪಾವಧಿಯ ಆಟವಾಗಿ. ನಮ್ಮ ಚೌಕಾಬಾರ, ಅಳಗುಳಿಮಣೆಗಳು ಮಳೆಗಾಲದ ಮಧ್ಯಾಹ್ನವಿಡೀ ಬಿಡುವಿದ್ದ ಜನರ ಆಟಗಳು. ಅವುಗಳಿಗೆ ಗಡಿಯಾರದ ಹಂಗಿರಲಿಲ್ಲ. ವಿಡಿಯೋ ಗೇಮಿಗಾದರೋ ನಾಣ್ಯದ ಹಂಗಿತ್ತು. 1972ರಲ್ಲಿ ಅಟಾರಿ ಸಂಸ್ಥೆಯ ಅಲನ್ ಆಲ್ಕಾರ್ನ್ ರೂಪಿಸಿದ 'ಪಾಂಗ್' ಯಂತ್ರವನ್ನು ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ಒಂದು ಪಾನಗೃಹದಲ್ಲಿ ಪರೀಕ್ಷಾರ್ಥವಾಗಿ ಇಟ್ಟರು. ಕೆಲವು ದಿನಗಳಲ್ಲಿ ಯಂತ್ರ ಕೆಟ್ಟಿದೆಯೆಂದು ಕರೆ ಬಂತು. ಆಲ್ಕಾರ್ನ್ ಹೋಗಿ ತೆರೆದು ನೋಡಿದರೆ ಯಂತ್ರಕ್ಕೆ ಏನೂ ಆಗಿರಲಿಲ್ಲ, ನಾಣ್ಯಗಳು ತುಂಬಿ ತುಳುಕಿದ್ದವು! ಆಟ ಬೇಗ ಮುಗಿದಷ್ಟೂ ಇನ್ನೊಂದು ನಾಣ್ಯ ಬೀಳುತ್ತದೆ. ತೀರಾ ಬೇಗ ಮುಗಿದರೆ ಆಡುವವನು ಬೇಸತ್ತು ಹೊರಟುಹೋಗುತ್ತಾನೆ. ಈ ಎರಡರ ನಡುವಿನ ಹದವನ್ನು ಕಂಡುಕೊಂಡದ್ದೇ ಆ ಕಾಲದ ವಿನ್ಯಾಸಕರ ಜಾಣ್ಮೆ.

1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ನಿರ್ಮಿಸಿದ 'ಸ್ಪೇಸ್ ಇನ್ವೇಡರ್ಸ್' ಈ ಹದಕ್ಕೆ ಒಂದು ಸೊಗಸಾದ ಉದಾಹರಣೆ. ಪರದೆಯ ಮೇಲೆ ಐವತ್ತೈದು ಶತ್ರುಗಳು ಸಾಲುಸಾಲಾಗಿ ಇಳಿಯುತ್ತಾರೆ. ಅವರ ಸಂಖ್ಯೆ ಕಡಿಮೆಯಾದಂತೆಲ್ಲ ಉಳಿದವರ ವೇಗ ಹೆಚ್ಚುತ್ತದೆ. ಇದು ಮೊದಲೇ ಯೋಚಿಸಿದ್ದಲ್ಲ. ಚಿತ್ರಿಸಬೇಕಾದ ಆಕೃತಿಗಳು ಕಡಿಮೆಯಾದಾಗ ಆ ಕಾಲದ ನಿಧಾನಗತಿಯ ಪ್ರೊಸೆಸರು ತಾನಾಗಿಯೇ ಚುರುಕಾಗುತ್ತಿತ್ತು. ನಿಶಿಕಾಡೊ ಅದನ್ನು ತಿದ್ದದೆ ಹಾಗೆಯೇ ಬಿಟ್ಟರು. 1980ರಲ್ಲಿ ತೊರು ಇವಾತಾನಿಯವರ 'ಪ್ಯಾಕ್‌ಮ್ಯಾನ್' ಬಂತು. ಆ ಹೆಸರು ಬಂದದ್ದು ಜಪಾನಿ ಭಾಷೆಯ 'ಪಾಕುಪಾಕು' ಎಂಬ ಅನುಕರಣ ಶಬ್ದದಿಂದ. ನಮ್ಮವರು ಮಾಡಿದ್ದರೆ 'ಗಬಗಬರಾಯ' ಎನ್ನುತ್ತಿದ್ದರೋ ಏನೋ.

ಆಡುವವನ ಅಲ್ಪಕಾಲವನ್ನು ಗೌರವದಿಂದ ನೋಡಿದವರಲ್ಲಿ ನನಗೆ ಪ್ರಿಯರಾದವರು ನಿಂಟೆಂಡೊ ಸಂಸ್ಥೆಯ ಗುನ್‌ಪೇ ಯೊಕೊಯಿ. ಬುಲೆಟ್ ರೈಲಿನಲ್ಲಿ ಬೇಸರಗೊಂಡ ನೌಕರನೊಬ್ಬ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕುಳಿತಿದ್ದುದನ್ನು ಅವರು ಕಂಡರಂತೆ. ಅದರ ಫಲ 1980ರಲ್ಲಿ ಬಂದ 'ಗೇಮ್ ಅಂಡ್ ವಾಚ್': ಅಂಗೈಯಲ್ಲಿ ಹಿಡಿಯುವ ಒಂದು ಆಟ, ಜೊತೆಗೊಂದು ಗಡಿಯಾರ. ಆಟದ ಪಕ್ಕದಲ್ಲಿಯೇ ಗಡಿಯಾರ ಇರಿಸಿದ ಆ ಪ್ರಾಮಾಣಿಕತೆಯನ್ನು ಗಮನಿಸಿ. ಹಳತಾದ, ಅಗ್ಗವಾದ ತಂತ್ರಜ್ಞಾನದಿಂದಲೇ ಹೊಸದನ್ನು ಮಾಡಬೇಕೆಂಬುದು ಯೊಕೊಯಿಯವರ ನಂಬಿಕೆಯಾಗಿತ್ತು. 1989ರ 'ಗೇಮ್ ಬಾಯ್' ಕೂಡ ಅವರ ತಂಡದ್ದೇ. ಅದಕ್ಕೆ ಬಣ್ಣದ ಪರದೆ ಇರಲಿಲ್ಲ, ಆದರೆ ನಾಲ್ಕು ಸಣ್ಣ ಬ್ಯಾಟರಿಗಳಲ್ಲಿ ಬಹಳ ಹೊತ್ತು ನಡೆಯುತ್ತಿತ್ತು.

ಗೇಮ್ ಬಾಯ್ ಮನೆಮನೆಗೆ ಹೋದದ್ದು 'ಟೆಟ್ರಿಸ್' ಆಟದ ಹೆಗಲೇರಿ. ಒಂದೇ ಒಂದು ಆಟವನ್ನು ಹೆಸರಿಸು ಎಂದು ನನ್ನನ್ನು ಹಿಡಿದು ಕೇಳಿದರೆ ನಾನು ಹೇಳುವ ಹೆಸರೂ ಇದೇ. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅಲೆಕ್ಸಿ ಪಾಜಿತ್ನೊವ್ ಇದನ್ನು ರಚಿಸಿದರು. ಅವರ ಬಳಿ ಇದ್ದ 'ಎಲೆಕ್ಟ್ರೋನಿಕಾ 60' ಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲವಾದ್ದರಿಂದ ಆವರಣ ಚಿಹ್ನೆಗಳನ್ನೇ ಜೋಡಿಸಿ ಚೌಕಗಳನ್ನು ಮಾಡಿದರು. ನಾಲ್ಕು ಚೌಕಗಳಿಂದಾದ ಏಳು ಆಕೃತಿಗಳು ಮೇಲಿನಿಂದ ಬೀಳುತ್ತವೆ. ಸಾಲು ತುಂಬಿದರೆ ಅಳಿಸಿಹೋಗುತ್ತದೆ. ಇಷ್ಟೇ ಆಟ. ಸರಿಯಾಗಿ ಮಾಡಿದ್ದು ಮಾಯವಾಗುತ್ತದೆ, ತಪ್ಪಿದ್ದು ಮಾತ್ರ ಕಣ್ಣೆದುರು ಉಳಿಯುತ್ತದೆ. ವಾಡಿಮ್ ಗೆರಾಸಿಮೊವ್ ಎಂಬ ಹದಿನಾರರ ಹುಡುಗ ಇದನ್ನು ಐಬಿಎಂ ಕಂಪ್ಯೂಟರಿಗೆ ಹೊಂದಿಸಿಕೊಟ್ಟ ಮೇಲೆ ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ ಆಟ ದೇಶದ ಗಡಿ ದಾಟಿತು.

ಮುಂದಿನದು ವ್ಯಾಪಾರದ ಕಥೆ. ಹಕ್ಕುಗಳ ವಿಚಾರದಲ್ಲಿ ಹಲವು ಕಂಪನಿಗಳು ಕಿತ್ತಾಡುತ್ತಿದ್ದಾಗ, 1989ರ ಫೆಬ್ರವರಿಯಲ್ಲಿ ಹೆಂಕ್ ರೋಜರ್ಸ್ ಎಂಬಾತ ಮಾಸ್ಕೋಗೆ ತೆರಳಿ ಸೋವಿಯತ್ ಸರ್ಕಾರದ 'ಎಲೋರ್ಗ್' ಸಂಸ್ಥೆಯ ಬಾಗಿಲು ತಟ್ಟಿದರು. ಅಂಗೈ ಆಟದ ಹಕ್ಕು ನಿಂಟೆಂಡೊ ಪಾಲಾಯಿತು. ಗೇಮ್ ಬಾಯ್‌ನ ಟೆಟ್ರಿಸ್ ಮೂರೂವರೆ ಕೋಟಿ ಪ್ರತಿಗಳಷ್ಟು ಹರಡಿತು. ರಚಿಸಿದವರಿಗೆ? 1996ರವರೆಗೆ ಗೌರವಧನವಾಗಿ ಒಂದು ಕಾಸೂ ದಕ್ಕಲಿಲ್ಲ. ಲೋಕಕ್ಕೆಲ್ಲ ಬಿಡುವಿನ ಸುಖ ಕೊಟ್ಟವನು ಹನ್ನೆರಡು ವರ್ಷ ಕಾಯಬೇಕಾಯಿತು. 2023ರ ಡಿಸೆಂಬರಿನಲ್ಲಿ ಅಮೆರಿಕದ ಹದಿಮೂರು ವರ್ಷದ ಬಾಲಕನೊಬ್ಬ 1989ರ ನಿಂಟೆಂಡೊ ಟೆಟ್ರಿಸನ್ನು ಅದರ ಲೆಕ್ಕಾಚಾರವೇ ಸೋತು ನಿಂತುಬಿಡುವವರೆಗೆ ಆಡಿದ. ಮನುಷ್ಯರಲ್ಲಿ ಅವನೇ ಮೊದಲಿಗ. ಅದಕ್ಕೆ ಅವನಿಗೆ ಬೇಕಾದದ್ದು ಸುಮಾರು ನಲವತ್ತು ನಿಮಿಷ, ಎಂದರೆ ನಮ್ಮ ಶಾಲೆಯ ಒಂದು ಪೀರಿಯಡ್.

ಹಾವಿನ ಆಟವನ್ನು ನಿಮಗೆ ನಾನು ಪರಿಚಯಿಸಬೇಕಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ನೀವು ಏನು ಮಾಡುತ್ತಿದ್ದಿರೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. 1997ರಲ್ಲಿ ನೋಕಿಯಾ 6110 ದೂರವಾಣಿಗಾಗಿ ತನೇಲಿ ಅರ್ಮಾಂಟೊ ಅದನ್ನು ಬರೆದರು. ಮೂಲ ಕಲ್ಪನೆ ಮಾತ್ರ 1976ರ 'ಬ್ಲಾಕೇಡ್' ಎಂಬ ಆಟದಷ್ಟು ಹಳೆಯದು. ನಮ್ಮ ಹಳ್ಳಿಗಳಿಗೆ ಅದು ತಲುಪಿದ್ದು 2003ರಲ್ಲಿ ಬಂದ, ತಲೆಯಲ್ಲಿ ಟಾರ್ಚ್ ಇದ್ದ ನೋಕಿಯಾ 1100ರ ಮೂಲಕ. ಬಸ್ಸಿಗೆ ಕಾಯುವಾಗ ಆಡಬಹುದು, ಬಸ್ಸು ಬಂದೊಡನೆ ಬಿಡಬಹುದು, ಬಿಟ್ಟದ್ದಕ್ಕೆ ನಷ್ಟವೇನೂ ಇಲ್ಲ. ವಿಂಡೋಸ್ ಜೊತೆ ಬಂದ ಸಾಲಿಟೇರ್ (1990), ಮೈನ್‌ಸ್ವೀಪರ್ ಆಟಗಳದ್ದೂ ಇದೇ ಗುಣ. ಮೊದಲನೆಯದು ಜನರಿಗೆ ಮೌಸ್ ಎಳೆಯುವುದನ್ನು ಕಲಿಸಿತೆಂದು ಹೇಳುವುದುಂಟು. ಕಚೇರಿಗಳಲ್ಲಿ ಬೇರೇನನ್ನು ಕಲಿಸಿತೆಂದು ನಾನು ಹೇಳುವುದಿಲ್ಲ.

ಈ ಸರಳ ಧರ್ಮ ಕೆಟ್ಟದ್ದು ಎಲ್ಲಿ? ಮನೆಯ ಯಂತ್ರಗಳಲ್ಲಿ ಆಟವನ್ನು ಅರ್ಧಕ್ಕೆ ಉಳಿಸಿಟ್ಟು ಮರುದಿನ ಮುಂದುವರಿಸುವ ಸೌಲಭ್ಯ ಬಂದಾಗ ಆಟಗಳು ಕಾದಂಬರಿಗಳಂತೆ ದೀರ್ಘವಾದವು. ಅದರಲ್ಲಿ ದೋಷವಿಲ್ಲ, ದೀರ್ಘ ಕಾದಂಬರಿಗಳೂ ಬೇಕು. ನನ್ನ ಆಕ್ಷೇಪ ಅನಂತರದ್ದು. 2012ರ 'ಕ್ಯಾಂಡಿ ಕ್ರಶ್' ಆಟದ ಒಂದೊಂದು ಸುತ್ತು ಎರಡು-ಮೂರು ನಿಮಿಷದ್ದು, ನೋಡಲು ನಮ್ಮ ಪಟ್ಟಿಗೆ ಹೇಳಿ ಮಾಡಿಸಿದಂತಿದೆ. ಐದು ಜೀವಗಳು ಕಳೆದರೆ ಒಂದೊಂದು ಜೀವ ಮರಳಲು ಅರ್ಧ ಗಂಟೆ ಕಾಯಬೇಕು, ಕಾಯಲಾಗದಿದ್ದರೆ ಹಣ ಕೊಡಬೇಕು. ಹಿಂದೆ ನಾಣ್ಯ ಕೊಟ್ಟು ಆಡುವ ಹೊತ್ತನ್ನು ಕೊಳ್ಳುತ್ತಿದ್ದೆವು. ಈಗ ಕಾಯುವ ಹೊತ್ತಿಗೂ ಬೆಲೆ ಕಟ್ಟಲಾಗಿದೆ. ಆಡದಿರುವಾಗಲೂ ಆಟ ನಿಮ್ಮ ತಲೆಯಲ್ಲಿ ನಡೆಯುತ್ತಿರುತ್ತದೆ. ಸಮಯವಿಲ್ಲದವರು ಮೊದಲು ದೂರವಿಡಬೇಕಾದದ್ದು ಇಂಥ 'ಚಿಕ್ಕ' ಆಟಗಳನ್ನೇ.

ಇದಕ್ಕೆ ವಿರುದ್ಧವಾದ ಒಂದನ್ನು ಹೇಳುತ್ತೇನೆ. ಜಾಶ್ ವಾರ್ಡಲ್ ಎಂಬ ತಂತ್ರಜ್ಞ ಪದಬಂಧಪ್ರಿಯೆಯಾದ ತನ್ನ ಸಂಗಾತಿಗಾಗಿ ರಚಿಸಿ 2021ರಲ್ಲಿ ಎಲ್ಲರಿಗೂ ತೆರೆದಿಟ್ಟ 'ವರ್ಡಲ್' ಆಟದಲ್ಲಿ ದಿನಕ್ಕೆ ಒಂದೇ ಪದ. ಐದು ಅಕ್ಷರ, ಆರು ಪ್ರಯತ್ನ. ಇನ್ನೊಂದು ಬೇಕೆಂದರೆ ನಾಳೆ ಬನ್ನಿ! 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಕೊಂಡಿತು. ನಾನು ಬೆಳಗಿನ ಕಾಫಿಯ ಜೊತೆ ಅದನ್ನು ಆಡುತ್ತೇನೆ. ಕಾಫಿ ಆರುವ ಮೊದಲೇ ಅದು ಮುಗಿದಿರುತ್ತದೆ.

ಕೊನೆಯದಾಗಿ, ತಿಂಗಳಿಗೊಮ್ಮೆಯಾದರೂ ಎರಡು-ಮೂರು ಗಂಟೆ ಬಿಡುವು ಸಿಗುವವರಿಗೆ 'ಎ ಶಾರ್ಟ್ ಹೈಕ್'. ಕೆನಡಾದ ಆಡಮ್ ರಾಬಿನ್ಸನ್-ಯು 2019ರಲ್ಲಿ ರಚಿಸಿದ್ದು. ಕ್ಲೇರ್ ಎಂಬ ಹಕ್ಕಿಮರಿ ಫೋನಿನ ಸಿಗ್ನಲ್ ಹುಡುಕಿಕೊಂಡು ಬೆಟ್ಟದ ತುದಿಗೆ ಹತ್ತುವುದೇ ಕಥೆ. 2020ರಲ್ಲಿ ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ ಕುಳಿತ ಮಲೆನಾಡಿನ ಮಕ್ಕಳಿಗೆ ಇದು ಕಲ್ಪನೆಯೆನಿಸಲಾರದು. ಅವಳು ಯಾರ ಕರೆಗಾಗಿ ಕಾಯುತ್ತಿದ್ದಳೆಂಬುದನ್ನು ನಾನಿಲ್ಲಿ ಹೇಳುವುದಿಲ್ಲ. ನೇರವಾಗಿ ಹತ್ತಲು ಹೋಗಬೇಡಿ. ದಾರಿಯಲ್ಲಿ ಚಿನ್ನದ ಗರಿಗಳು ಸಿಗುತ್ತವೆ, ಸಿಕ್ಕಷ್ಟೂ ಎತ್ತರಕ್ಕೆ ಏರಬಹುದು. ಇಳಿಯುವಾಗ ರೆಕ್ಕೆ ಬಿಚ್ಚಿ ಸುಮ್ಮನೆ ತೇಲಿಬಿಡಿ.